ನಮ್ಮ ಮಾವನ ಬ್ಲಾಗೂ ಅತ್ತೆಯ ರೊಟ್ಟಿಯೂ

ನಮ್ಮ ಸೋದರಮಾವನಿಗಿರುವಷ್ಟು ಅನುಕೂಲದ ಕಿವುಡು ಈ ಜಿಲ್ಲೆಯಲ್ಲಿ ಇನ್ನಾರಿಗೂ ಇರಲಿಕ್ಕಿಲ್ಲ! ಮಸ್ಕಿಯ ತನ್ನ ಮನೆಯೊಳಗೆ ಕೂತೇ, ಈಗ ಬಂದದ್ದು ಸಿಂಧನೂರಿನ ಬಸ್ಸೋ ಲಿಂಗಸುಗೂರಿನದೋ ಎಂದು ಹಾರ್ನ್ ಕೇಳಿ ಹೇಳುತ್ತಾನೆ. ಆದರೆ ಲ್ಯಾಪ್‌ಟಾಪ್ ಮುಂದೆ ಕೂತನೋ, ಪಕ್ಕದ ಅಡುಗೆಮನೆಯಿಂದ ಅತ್ತೆ ಕೂಗಿದ್ದು ಕೇಳಿಸುವುದಿಲ್ಲ. ಇಂಥ ಕಿವಿಗೆ ಯಾವ ಡಾಕ್ಟರ್ ತಾನೇ ಔಷಧ ಕೊಟ್ಟಾನು?

ಮಾವ ಬಸ್ ಕಂಡಕ್ಟರ್ ಆಗಿದ್ದವನು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಕೂಗುತ್ತಲೇ ತಲೆ ಬೆಳ್ಳಗಾಯಿತು. ನಿವೃತ್ತನಾದ ಮೇಲೆ ಬೈಯಲು ಪ್ರಯಾಣಿಕರಿಲ್ಲದೆ ಮಂಕಾಗಿ ಕೂತಿದ್ದ. ನೋಡಲಾರದೆ ನಾನೇ ಒಂದು ಬ್ಲಾಗ್ ಮಾಡಿಕೊಟ್ಟೆ. ಮಾಡಬಾರದಿತ್ತು! ಬಸ್ಸಿನಲ್ಲಿ ಕಂಡವರ ಕಥೆಯೆಲ್ಲ ಅಲ್ಲಿಗೆ ಬಂತು. ಬ್ಲಾಗಿನ ನೆತ್ತಿಯ ಮೇಲೆ "ಹತ್ತಿದವ್ರು ಒಳಗ ಸರೀರಿ, ಬಾಗಲದಾಗ ನಿಂದ್ರಬ್ಯಾಡ್ರಿ" ಎಂದು ಬರೆಸಿದ. ಬಾಗಿಲಲ್ಲಿ ನಿಲ್ಲಲಿಕ್ಕಾದರೂ ಯಾರಾದರೂ ಬರಬೇಕಲ್ಲ! ಬರುತ್ತಿದ್ದದ್ದು ನಾನು, ಮತ್ತೆ ದಾರಿ ತಪ್ಪಿದ ಯಾರೋ ಒಬ್ಬರು.

ಅವನದು ಇನ್ನೊಂದು ಚಾಳಿ. ಮೊದಲು ಪ್ರಕಟಿಸಿಬಿಡುತ್ತಾನೆ, ಆಮೇಲೆ ಕೂತು ತಿದ್ದುತ್ತಾನೆ. ಕೇಳಿದರೆ, "ಬಸ್ ಬಿಟ್ಟ ಮ್ಯಾಲೇ ಟಿಕೆಟ್ ಕೊಡೋದು, ಗೊತ್ತಿಲ್ಲೇನು?" ಅನ್ನುತ್ತಾನೆ. ತಿದ್ದುವ ಹೊತ್ತಿಗೆ ಸರಿಯಾಗಿ ಊಟದ ಹೊತ್ತೂ ಆಗುತ್ತಿತ್ತು. ಕೂಗಿ ಕೂಗಿ ದನಿ ಬಿದ್ದುಹೋದ ಅತ್ತೆ ಒಂದು ದಿನ ನನಗೆ ಫೋನು ಮಾಡಿದಳು.

"ಅಲ್ಲ ಬೇ, ನಿಮ್ಮ ಮಾವನ್ನ ಹೆಂಗ ಕರೀಲಿ?"

"ಬ್ಲಾಗಿನ್ಯಾಗೇ ಕಮೆಂಟ್ ಹಾಕಿ ಕರಿ ಅತ್ತಿ!" ಎಂದು ತಮಾಷೆ ಮಾಡಿದೆ.

ಅತ್ತೆ ತಮಾಷೆಯನ್ನೂ ಶ್ರದ್ಧೆಯಿಂದ ಮಾಡುವ ಹೆಣ್ಣುಮಗಳು. ಅವತ್ತೇ ಮಾವನ ಬರಹದ ಕೆಳಗೆ ಮೊದಲ ಪ್ರತಿಕ್ರಿಯೆ ಬಂತು: "ರೊಟ್ಟಿ ಆರಾಕತ್ತಾವ. ಉಣ್ಣಾಕ ಬರ್ರಿ." ಮಾವ ತಟ್ಟನೆ ಎದ್ದು ಕೈ ತೊಳೆದನಂತೆ! ಅಲ್ಲಿಂದ ಒಂದು ಬರಹವೂ ತಪ್ಪಲಿಲ್ಲ. ಕಾಲುವೆಗೆ ನೀರು ಬಂದ ದಿನ ರೈತರೆಲ್ಲ ಬಸ್ಸಿನಲ್ಲಿ ಕುಣಿದ ವರ್ಣನೆಯ ಕೆಳಗೆ, "ನಳಾ ಬಂದಾವ, ಮೋಟಾರ್ ಹಚ್ರಿ." ಕೆಲಸದ ಕಡೆಯ ದಿನ ಟಿಕೆಟ್ ಚೀಲ ಒಪ್ಪಿಸಿ ಕಣ್ಣೀರು ಹಾಕಿದ ಬರಹದ ಕೆಳಗೆ, "ಹಾಲು ನೋಡ್ರಿ ಅಂದಿದ್ದೆ, ನೋಡಿದ್ರೇನು? ಉಕ್ಕೇತಿ."

ಹೀಗಿರುವಾಗ ಲಿಂಗಸುಗೂರಿನ ಮೇಷ್ಟರೊಬ್ಬರು, ಹತ್ತಾರು ಜನ ಕೂಡಿ ಬರೆಯುವ ಒಂದು ಜಾಲತಾಣಕ್ಕೆ ಮಾವನನ್ನು ಕರೆದರು. ನಿಮ್ಮ ಬ್ಲಾಗ್ ಮುಚ್ಚಿ ಎಲ್ಲವನ್ನೂ ಇಲ್ಲಿಗೇ ತನ್ನಿ ಎಂದರು. ಶುರುವಾಯಿತು ನೋಡಿ ಪೇಚಾಟ! ಪ್ರತಿ ಭಾನುವಾರ ಸಿಂಧನೂರಿನ ನಮ್ಮ ಮನೆಗೆ ಹಾಜರು. ಚಹಾ ಬರುವ ತನಕ "ಹೋಗೇ ಬಿಡ್ತೀನಿ", ಕುಡಿದಾದ ಮೇಲೆ "ಒಲ್ಲೆ ಬಿಡವ್ವಾ."

ನಾನಂತೂ ಹೋಗು ಎಂದೇ ಪಟ್ಟು ಹಿಡಿದೆ. "ಇವತ್ತೆಷ್ಟು ಮಂದಿ ಹತ್ಯಾರ?" ಎಂದು ಬ್ಲಾಗಿನ ಓದುಗರ ಲೆಕ್ಕ ಕೇಳುವ ಮಾವನ ದಿನದ ಫೋನಿನಿಂದ ನನಗೂ ಬಿಡುಗಡೆ ಬೇಕಿತ್ತು. ಕೊನೆಗೆ ನನ್ನನ್ನು ಎಳೆದುಕೊಂಡು ಲಿಂಗಸುಗೂರಿಗೇ ಹೋದ. ವರನ ಮನೆ ನೋಡಲು ಹೋದವರೂ ಅಷ್ಟು ವಿಚಾರಿಸಲಾರರು!

"ಮೇಷ್ಟ್ರ, ನಿಮ್ಮಲ್ಲಿ ಸೀಟ್ ಸಿಗತೈತೋ, ನಿಂತು ಹೋಗಬೇಕೋ?"

"ಹೊಸಾವು ಬಂದಂಗ ಹಳೇವು ಕೆಳಗ ಸರೀತಾವ್ರೀ," ಎಂದರು ಪಾಪ.

"ಹಂಗಾರ ಕೊನಿಗೆ ಹಿಂದಿನ ಬಾಗಲದಿಂದ ಬೀಳೋದು!"

"ಆದ್ರ ಸಾವಿರಾರು ಮಂದಿ ಓದ್ತಾರ್ರೀ."

ಈ ಮಾತಿಗೆ ಮಾವನ ಮುಖ ಅರಳಿತು. ಇಷ್ಟು ದಿನ ಖಾಲಿ ಬಸ್ ಓಡಿಸಿದ ಜೀವಕ್ಕೆ ಆಸೆಯಾಗದೆ ಇದ್ದೀತೇ? ಒಂದು ಬರಹ ಕೊಟ್ಟು ನೋಡುವುದು, ಸರಿಬಂದರೆ ಬ್ಲಾಗ್ ಮುಚ್ಚುವುದು ಎಂದು ಒಪ್ಪಂದವಾಯಿತು.

ಕೊಟ್ಟದ್ದು ಅವನ ಬಲು ಮೆಚ್ಚಿನದು. ಸಂತೆಕಲ್ಲೂರಿನಲ್ಲಿ ಕೋಳಿ ಹಿಡಿದು ಹತ್ತಿದ ಮುದುಕಿಯ ಬಳಿ ಮಾವ ಕೋಳಿಗೂ ಟಿಕೆಟ್ ಕೇಳಿದನಂತೆ. "ಅದಕ್ಕ ಸೀಟ್ ತೋರ್ಸು, ಕೊಡ್ತೀನಿ" ಎಂದು ಮುದುಕಿ ದಾರಿಯುದ್ದಕ್ಕೂ ಜಗಳವಾಡಿದ ಕಥೆ. ಬರಹ ಬಂದದ್ದೇ ತಡ, "ಅದ್ಭುತ", "ನಕ್ಕು ಸಾಕಾಯ್ತು ಸರ್" ಎಂದು ಮೆಚ್ಚುಗೆಯ ಸುರಿಮಳೆ. ನನಗೂ ಖುಷಿಯೋ ಖುಷಿ. ಮಧ್ಯಾಹ್ನ ಮಾವನ ಫೋನು ಬಂತು.

"ನಿಮ್ಮತ್ತಿನ್ನ ನಡುದಾರ್ಯಾಗ ಇಳಿಸ್ಯಾರ!"

ಆಗಿದ್ದಿಷ್ಟೆ. ಅತ್ತೆ ಎಂದಿನಂತೆ ರೊಟ್ಟಿ ಆರುತ್ತಿರುವ ಸುದ್ದಿ ಹಾಕಿದ್ದಳು. ಬರಹಕ್ಕೆ ಸಂಬಂಧವಿಲ್ಲದ ಪ್ರತಿಕ್ರಿಯೆ ಎಂದು ಜಾಲತಾಣದವರು ತೆಗೆದುಹಾಕಿದ್ದರು. ಆಕೆ ಮತ್ತೆ ಹಾಕಿದಳು, ಅವರು ಮತ್ತೆ ತೆಗೆದರು.

"ಕೋಳಿ ತಂದ ಮುದುಕಿನ್ನೂ ನಾ ಇಳಿಸಿಲ್ಲ. ನಮ್ಮ ಮನಿ ಹೆಣ್ಮಗಳನ್ನ ಇಳಿಸೋ ಬಸ್ಸಿನ್ಯಾಗ ನನಗೇನು ಕೆಲಸ? ನಾ ಒಲ್ಲೆ!"

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲ ಮಾವ, ನಿಮ್ಮನಿ ರೊಟ್ಟಿ ಆರಿದ್ರ ಊರ ಮಂದಿಗೇನು? ಅಷ್ಟು ಮಂದಿ ಓದೋದನ್ನ ಬಿಟ್ಟು ಬರ್ತೀಯೇನು? ಅತ್ತಿ ಕೂಗಿದಾಗ ಎದ್ದು ಹೋದ್ರ ಮುಗೀತು. ನಿನಗ ಖರೇನೇ ಕೇಳಂಗಿಲ್ಲೇನು?"

ಮಾವ ಎದ್ದು ಅಂಗಳಕ್ಕೆ ಬಂದ ಸದ್ದಾಯಿತು. ಆಮೇಲೆ ದನಿ ತಗ್ಗಿಸಿದ.

"ಕೇಳಸ್ತೈತವ್ವಾ. ಮೊದಲಿಂದ್ಲೂ ಕೇಳಸ್ತೈತಿ. ಓ ಅಂದ್ರ ಆಕಿ ಅಷ್ಟಕ್ಕ ಸುಮ್ನಾಗ್ತಾಳ. ನಾ ಸುಮ್ನ ಕುಂತ್ರ ಫೋನ್ ತೆಗೀತಾಳ. ಕಮೆಂಟ್ ಹಾಕೋ ಜಾಗ ತಳದಾಗ ಐತಲ್ಲ, ಅಲ್ಲಿ ಮುಟ್ಟಬೇಕಂದ್ರ ನಾ ಬರದಿದ್ದೆಲ್ಲ ದಾಟಿ ಬರಬೇಕು. ಒಂದೆರಡು ಸಾಲಾದ್ರೂ ಕಣ್ಣಿಗೆ ಬೀಳ್ತಾವಿಲ್ಲೋ?"

ಜಗಳಕ್ಕೆ ಸಜ್ಜಾಗಿದ್ದವಳು ಅಲ್ಲಿಗೇ ಬಿಟ್ಟೆ. ಆಯ್ತು ಮಾವ, ಬ್ಲಾಗ್ ಇರಲಿ ಎಂದಷ್ಟೇ ಹೇಳಿದೆ.

ಮುಂದಿನ ಭಾನುವಾರ ನಾನೇ ಮಸ್ಕಿಗೆ ಹೋದೆ. ಪಡಸಾಲೆಯಲ್ಲಿ ಮಾವ ತನ್ನ ಬ್ಲಾಗಿಗೆ ಹೊಸ ಬರಹ ಬಿಟ್ಟು, ತಿದ್ದುತ್ತ ಕೂತಿದ್ದ. ಅಡುಗೆಮನೆಯಿಂದ ಅತ್ತೆ, "ಏನ್ರೀ, ಉಣ್ಣಾಕ ಬರ್ರಿ!" ಎಂದು ಕೂಗಿದಳು. ಮಾವ ನನಗೆ ಕಣ್ಣು ಮಿಟುಕಿಸಿ ಕಲ್ಲಿನಂತೆ ಕೂತ. ನಾನು ಒಳಗೆ ಹೋದೆ.

ಅತ್ತೆ ಒಲೆಯ ಪಕ್ಕ ಫೋನು ಹಿಡಿದು ಕೂತಿದ್ದಳು. ಹೆಬ್ಬೆರಳು ಮೆಲ್ಲಗೆ ಸರಿಯುತ್ತಿತ್ತು, ನಿಲ್ಲುತ್ತಿತ್ತು, ಒಂದಿಷ್ಟು ಹಿಂದಕ್ಕೂ ಹೋಗುತ್ತಿತ್ತು. ಒಂದು ಕಡೆ ಸೆರಗು ಬಾಯಿಗಿಟ್ಟು ಮೈ ಅಲುಗುವಂತೆ ನಕ್ಕಳು. ನಾನು ಒಲೆ ನೋಡಿದೆ. ಹಂಚು ತಣ್ಣಗಿತ್ತು. ಜೋಳದ ಹಿಟ್ಟು ಪರಾತದಲ್ಲಿ ಪುಡಿಯಾಗಿಯೇ ಇತ್ತು, ಇನ್ನೂ ನೀರು ಕಂಡಿರಲಿಲ್ಲ.

"ಅತ್ತಿ, ರೊಟ್ಟಿ ಎಲ್ಲಿ?" ಎಂದೆ.

"ಸುಮ್ನಿರ ಬೇ, ಅವರಿಗೆ ಕೇಳಸ್ತೈತಿ," ಎಂದು ಪಿಸುಗುಟ್ಟಿದಳು. "ಇನ್ನಾ ಅರ್ಧ ಓದೋದೈತಿ."