ಮಾವನಿಗೆ ಮರುಜೀವ

ಎಂಬತ್ತು ತುಂಬಿದ ಮರುದಿನ ಬೆಳಿಗ್ಗೆ ಗ್ರಂಥಾಲಯದ ಕಂಪ್ಯೂಟರು ಮಾವನನ್ನು ಸಾಯಿಸಿಬಿಟ್ಟಿತು.

ಮಾವ ಎಂದರೆ ಗ್ರಂಥಾಲಯದ ಗುಮಾಸ್ತನ ಹೆಂಡತಿಯ ತಂದೆ, ನಿವೃತ್ತ ಹೆಡ್‌ಮಾಸ್ತರರು. ಹಲ್ಲುಜ್ಜುತ್ತಿದ್ದಾಗ ಅವರ ಫೋನಿಗೆ ಸಂದೇಶ ಬಂತು: “ಸದಸ್ಯರು ದಿವಂಗತರಾದ ವಿಷಯ ತಿಳಿದು ವಿಷಾದವಾಯಿತು. ಅವರ ಬಳಿ ಇರುವ ಪುಸ್ತಕಗಳನ್ನು ಮನೆಯವರು ದಯವಿಟ್ಟು ಹಿಂದಿರುಗಿಸುವುದು.” ಮಾವ ಬಾಯಿ ಮುಕ್ಕಳಿಸಿ ನೇರವಾಗಿ ಗ್ರಂಥಾಲಯಕ್ಕೆ ಬಂದು ಅಳಿಯನ ಮೇಜು ಗುದ್ದಿದರು.

“ನೋಡಿ ಅಳಿಯಂದ್ರೇ, ಸಂಜೆ ಬಾಗಿಲು ಹಾಕೋದ್ರೊಳಗೆ ನನ್ನನ್ನ ಬದುಕಿಸ್ಬೇಕು. ಇಲ್ಲಾಂದ್ರೆ ಮೇಡಂಗೆ ದೂರು ಕೊಡ್ತೀನಿ. ಬರೆದು ಜೇಬಲ್ಲೇ ಇಟ್ಕೊಂಡಿದೀನಿ.”

ಮೇಡಂ ಎಂದರೆ ಮುಖ್ಯ ಗ್ರಂಥಪಾಲಕಿ; ಅವತ್ತು ರಜೆಯಲ್ಲಿದ್ದರು. ಇನ್ನೊಂದು ದೂರು ಬಂದರೆ ಗುಮಾಸ್ತನನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ನೆಲಮಾಳಿಗೆಯ ಹರಿದ ಪುಸ್ತಕಗಳ ನಡುವೆ ಕೂರಿಸುವುದಾಗಿ ಮೊನ್ನೆಯಷ್ಟೇ ಹೇಳಿದ್ದರು. ಧೂಳು ಕಂಡರೆ ಅವನಿಗೆ ಸೀನು, ಮೇಡಂ ಕಂಡರೆ ಬೆವರು. ಎಲ್ಲರೂ ಅವನನ್ನು ಗಾಬರಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ತಪ್ಪು ಎಲ್ಲಿದೆ ಎಂದು ಗಾಬರಿಗೆ ಬೇಗನೆ ಗೊತ್ತಾಯಿತು. ಆ ತಂತ್ರಾಂಶ ಯಾವ ಕಂಪನಿಯದೂ ಅಲ್ಲ; ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಅದರೊಳಗೆ ಯಾವನೋ ಪುಣ್ಯಾತ್ಮ, ಎಂಬತ್ತು ದಾಟಿದವರು ಬದುಕಿಲ್ಲ ಎಂದೇ ಲೆಕ್ಕ ಹಾಕಿದ್ದ. ಎಂಬತ್ತನ್ನು ನೂರಿಪ್ಪತ್ತು ಮಾಡಿದರೆ ಮುಗಿಯಿತು. ಆದರೆ ಅದನ್ನು ನೋಡಿಕೊಳ್ಳುವವರು ಒಂದು ನಿಯಮ ಇಟ್ಟಿದ್ದರು. ಇಡೀ ತಂತ್ರಾಂಶವನ್ನು ಮೊದಲು ನಿಮ್ಮ ಯಂತ್ರದಲ್ಲಿ ಕೂರಿಸಿ, ಎಲ್ಲ ಪರೀಕ್ಷೆಗಳಲ್ಲಿ ಪಾಸಾದ ಮೇಲೆ ಕಳಿಸಿ; ಇವತ್ತು ಬಂದರೆ ಇವತ್ತೇ ಸೇರಿಸುತ್ತೇವೆ.

ಗಾಬರಿ ತನ್ನ ಲ್ಯಾಪ್‌ಟಾಪ್ ತೆರೆದು ಕೂತ. ತಂತ್ರಾಂಶದ ಒಂದು ಭಾಗವನ್ನು ಹಾಕಲು ಹೋದರೆ ಅದು ಇನ್ನೊಂದನ್ನು ಕೇಳಿತು, ಇನ್ನೊಂದು ಮತ್ತೆರಡನ್ನು; ಮದುವೆಗೆ ಕರೆದರೆ ಬಳಗವನ್ನೆಲ್ಲ ಕಟ್ಟಿಕೊಂಡು ಬರುವ ನೆಂಟರ ಹಾಗೆ. ಹೊಸ ಆವೃತ್ತಿ ಹಾಕಿದರೆ ಹಳೆಯದು ಬೇಕೆಂದಿತು. ಹಳೆಯದನ್ನು ಹಾಕಿದರೆ, ಇಷ್ಟು ಹಳೆಯದು ಯಾಕೆ ಎಂದು ಕೆಂಪಕ್ಷರದಲ್ಲಿ ಬೈಯಿತು.

ಅಷ್ಟರಲ್ಲಿ ಪುಸ್ತಕ ಹೊಲಿಯುವ ಬೈಂಡರ್ ಬಂದು, ಗೋಂದು ಕಾಯಿಸುವ ಒಲೆಗೆಂದು ಅದರ ಪ್ಲಗ್ ಕಿತ್ತ. ಬ್ಯಾಟರಿ ಎಂದೋ ಸತ್ತಿದ್ದ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು.

“ಅಯ್ಯೋ! ಅದರಲ್ಲಿ ನನ್ನ ಮಾವ ಇದ್ರು ಕಣಯ್ಯಾ!”

“ಇದರೊಳಗಾ?” ಬೈಂಡರ್ ಬಗ್ಗಿ ನೋಡಿದ. “ಮೊದಲೇ ಹೇಳ್ಬಾರ್ದಿತ್ತಾ?”

ಮತ್ತೆ ಮೊದಲಿನಿಂದ ಶುರುವಾಯಿತು. ಊಟದ ಹೊತ್ತೂ ಕಳೆಯಿತು. ಎಲ್ಲ ಕೂತಿತು ಎನ್ನುವಾಗ ಪರೀಕ್ಷೆಗೆ ಮಾದರಿ ಸದಸ್ಯರು ಬೇಕೆಂದಿತು. ಇಲ್ಲದ ಊರಿನ ಇಲ್ಲದ ಜನರ ಹೆಸರು, ನಂಬರುಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳಬೇಕು. ಗ್ರಂಥಾಲಯದ ಜಾಲವೋ, ಆಮೆಗೂ ನಾಚಿಕೆ. ಅರ್ಧಕ್ಕೆ ಬಂದು ನಿಂತೇಬಿಟ್ಟಿತು. ಗಾಬರಿಗೆ ಅಳುವೇ ಬಂತು.

“ಅದ್ಯಾಕೆ ಇಲ್ಲದವರನ್ನ ಹುಡುಕ್ತೀಯ?” ಎಂದಳು ಕೌಂಟರಿನಲ್ಲಿ ಕೂರುವ ಅಕ್ಕ. “ನಮ್ಮ ಹತ್ರ ಇರೋ ಸದಸ್ಯರೇ ಇದಾರಲ್ಲ, ಊರಿನ ಅರ್ಧ ಜನ. ಪೆನ್‌ಡ್ರೈವಲ್ಲಿ ಹಾಕಿ ಕೊಡ್ತೀನಿ ಇರು.”

“ತಪ್ಪಾಗಲ್ವಾ ಅಕ್ಕಾ?”

“ಜನ ಜನಾನೇ ಅಲ್ವೇನೋ!”

ಸದಸ್ಯರು ಒಳಗೆ ಹೋದರು. ಸಂದೇಶ ಕಳಿಸುವ ಖಾತೆ ಯಾವುದು ಎಂದು ಕೇಳಿದ್ದಕ್ಕೆ, ಬೇರೆ ಗೊತ್ತಿಲ್ಲದೆ ಗ್ರಂಥಾಲಯದ್ದನ್ನೇ ಕೊಟ್ಟ. ಪರೀಕ್ಷೆಗಳು ಓಡತೊಡಗಿದವು. ಒಂದು ಹಸಿರು, ಇನ್ನೊಂದು ಹಸಿರು. ಕೊನೆಯದೊಂದು ಮಾತ್ರ ತಿರುಗುತ್ತಲೇ ಇತ್ತು. ಬಾಗಿಲು ಹಾಕುವ ಹೊತ್ತಿಗೆ ಮಾವ ಜೇಬು ಮುಟ್ಟಿಕೊಳ್ಳುತ್ತಾ ಬಂದರು.

“ಬದುಕಿದ್ನಾ?”

ಆಗಲೇ ಕೊನೆಯದೂ ಹಸಿರಾಯಿತು. ಗಾಬರಿ ತಿದ್ದಿದ್ದನ್ನು ಕಳಿಸಿದ, ಒಪ್ಪಿಗೆಯೂ ಕೂಡಲೇ ಬಂತು. “ಬದುಕಿದ್ರಿ ಮಾವಾ!” ಎಂದು ಕುಣಿದುಬಿಟ್ಟ.

ಮಾವನ ಜೇಬಿನಲ್ಲಿ ಫೋನು ಗುಣುಗುಟ್ಟಿತು. ಅಕ್ಕನ ಫೋನು, ಬೈಂಡರನ ಫೋನು, ಓದುವ ಕೋಣೆಯಲ್ಲಿದ್ದ ಎಲ್ಲರ ಫೋನುಗಳೂ ಗುಣುಗುಟ್ಟಿದವು. ಮಾವ ಕನ್ನಡಕ ಏರಿಸಿ ಓದಿದರು: “ಸದಸ್ಯರು ದಿವಂಗತರಾದ ವಿಷಯ ತಿಳಿದು…”

ಗಾಬರಿ ಪರದೆಯತ್ತ ತಿರುಗಿದ. ಕೊನೆಯ ಪರೀಕ್ಷೆಯ ಹೆಸರನ್ನು ಆಗ ಓದಿದ: “ಮಾದರಿ ಸದಸ್ಯರನ್ನೆಲ್ಲ ಸಾಯಿಸಿ, ವಿಷಾದ ಸಂದೇಶ ತಲುಪುವುದೇ ನೋಡುವುದು.” ತಲುಪಿತ್ತು. ಅವನ ಫೋನೂ ರಿಂಗಾಯಿತು. ಆ ಕಡೆ ಹೆಂಡತಿ ಬಿಕ್ಕುತ್ತಿದ್ದಳು; ಅವನ ಸದಸ್ಯತ್ವಕ್ಕೆ ಕೊಟ್ಟಿದ್ದು ಅವಳ ನಂಬರನ್ನೇ.

“ನೀವು ಹೋಗ್ಬಿಟ್ರಂತಲ್ಲ! ಎಲ್ಲಿದೀರಾ?”

“ಆಫೀಸಲ್ಲೇ ಇದೀನಿ ಕಣೇ.”

“ಹಾಗಾದ್ರೆ ಬರ್ತಾ ಹಾಲು ತನ್ನಿ,” ಎಂದು ಬಿಕ್ಕುತ್ತಲೇ ಫೋನಿಟ್ಟಳು.

ಮಾವ ಅಕ್ಕನ ಫೋನು ನೋಡಿದರು, ಬೈಂಡರನ ಫೋನು ನೋಡಿದರು. ಮುಖ ನಿಧಾನವಾಗಿ ಅರಳಿತು. ಜೇಬಿನಿಂದ ದೂರು ತೆಗೆದು ಹರಿದು ಬುಟ್ಟಿಗೆ ಹಾಕಿದರು.

“ಬೆಳಿಗ್ಗೆ ನಾನೊಬ್ಬನೇ ಸತ್ತಿದ್ನಲ್ಲ, ಅದೇ ಬೇಜಾರಾಗಿದ್ದು ಅಳಿಯಂದ್ರೇ. ಈಗ ಊರೇ ಜೊತೆಗಿದೆ. ನಂದೇನೂ ದೂರಿಲ್ಲ.”

ಗಾಬರಿಗೆ ಹೋದ ಜೀವ ಬಂದಂತಾಯಿತು. ಅರ್ಧ ಗಂಟೆಯೊಳಗೆ ಹೊರಗೆ ಗದ್ದಲ ಕೇಳಿತು. ಕಿಟಕಿಯಿಂದ ನೋಡಿದರೆ, ಬೀದಿಯ ತುದಿಯವರೆಗೂ ಜನ ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಸಾಲುಗಟ್ಟಿದ್ದರು. ಸಾಲಿನ ಮುಂದೆಯೇ ಇದ್ದವರು ಒಳಗೆ ಬಂದು ಎರಡು ಪುಸ್ತಕಗಳನ್ನು ಅವನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಅವರ ಇನ್ನೊಂದು ಕೈಯಲ್ಲಿ ನೆಲಮಾಳಿಗೆಯ ಬೀಗದ ಕೈ ಇತ್ತು.

“ನಾನು ತೀರಿಕೊಂಡೆನಂತೆ,” ಎಂದರು ಮೇಡಂ. “ಪುಸ್ತಕ ಕೊಟ್ಟು ಬಾ ಅಂತ ಮನೆಯವರು ಕಳಿಸಿದ್ರು.”