ತಮ್ಮನ ಗಂಟಲಿನ ಹೆಂಗಸು

ನನ್ನ ತಮ್ಮನ ಗಂಟಲಲ್ಲಿ ಒಬ್ಬ ಹೆಂಗಸಿದ್ದಾಳೆ. ನಂಬುವುದಿಲ್ಲವೇ? ಸೂಳೆಕೆರೆಗೆ ಬನ್ನಿ, ಕೇಳಿಸುತ್ತೇನೆ!

ಅವನು ಮೀನು ಮಾರುವವನು. ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಚನ್ನಗಿರಿ ಬಸ್ಸಿನವನೂ ಬ್ರೇಕು ಹಾಕುತ್ತಿದ್ದ! ದಿನಾ ಬೆಳಿಗ್ಗೆ ನನ್ನ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, "ಅಕ್ಕೋ, ಇದೀಯೋ ಹೋದ್ಯೋ?" ಎನ್ನುವನು. "ನಿನ್ ತಿಥಿ ಉಂಡೇ ಹೋಗಾದು, ನಡಿಯೋ!" ಎನ್ನುವೆನು ನಾನು. ನಮ್ಮ ಮನೆತನದಲ್ಲಿ ನಮಸ್ಕಾರ ಎಂದರೆ ಇಷ್ಟೇ.

ಹೋದ ವರ್ಷ ಅವನ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಕುಳಿತುಬಿಟ್ಟ. ಕೂಗದವನ ಮೀನು ಯಾರಿಗೆ ಬೇಕು?

ದೊಡ್ಡಾಸ್ಪತ್ರೆಯವರು ಇದನ್ನೂ ಹಾಕಿ ನೋಡೋಣವೆಂದು ಕತ್ತಿಗೊಂದು ಪಟ್ಟಿ ಅಂಟಿಸಿದರು. ಅದು ಗಂಟಲ ಅಲುಗಾಟದಿಂದಲೇ ಮಾತು ಗುರುತಿಸಿ ಜೇಬಿನ ಫೋನಿನಿಂದ ಹೇಳಿಸುತ್ತದೆ. ದನಿ ಮಾತ್ರ ರೇಡಿಯೋ ಹೆಂಗಸಿನದು!

"ಇದಕ್ಕೆ ಚಾರ್ಜ್ ಬೇಡ ಅಜ್ಜಿ. ಗಂಟಲು ಅಲುಗಿದ್ರೆ ಅದೇ ಕರೆಂಟು," ಎಂದಳು ಡಾಕ್ಟರಮ್ಮ. ಅಷ್ಟು ಸಾಕಾಯಿತು ಇವನಿಗೆ. ಕರೆಂಟು ಹೋದೀತೆಂದು ದಿನವೆಲ್ಲ ಮಂಡಕ್ಕಿ ಜಗಿದ!

ಪಟ್ಟಿಗೆ ಒಂದೊಂದೇ ಮಾತನ್ನು ತುಟಿಯಾಡಿಸಿ ಕಲಿಸಬೇಕು. "ನೀರು, ನೋವು ಇವನ್ನ ಮೊದ್ಲು ಕಲಿಸ್ರಿ," ಎಂದಿದ್ದಳು ಡಾಕ್ಟರಮ್ಮ. ಇವನು ಕಲಿಸಿದ್ದು "ಜೀವಂತ ಮೀನೂ!" ಅದೂ ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು. ಪಾಪದ ಪಟ್ಟಿ, ಜಗಿಯುವುದನ್ನೇ ಮಾತೆಂದು ಕಲಿಯಿತು.

ಅದು ಗೊತ್ತಾದದ್ದು ಎಲ್ಲಿ? ಊರಿನ ಲಿಂಗವಂತರ ಮನೆಯ ಗೃಹಪ್ರವೇಶದಲ್ಲಿ! ಸ್ವಾಮಿಗಳು ಎದುರಿಗೆ ಕುಳಿತಿದ್ದಾರೆ. ಇವನು ಹೋಳಿಗೆ ಬಾಯಿಗಿಟ್ಟ. "ಜೀವಂತ ಮೀನೂ!"

"ಯಾರಮ್ಮಾ ಅದು?" ಎಂದು ಯಜಮಾನರು ಹೆಂಗಸರ ಸಾಲಿನತ್ತ ತಿರುಗಿದರು. ಎಲ್ಲರೂ ನನ್ನನ್ನೇ ನೋಡಬೇಕೆ! ಇವನು ಏನೂ ಅರಿಯದವನಂತೆ ಇನ್ನೊಂದು ತುತ್ತು ಜಗಿದ. "ಜೀವಂತ ಮೀನೂ!"

ಮನೆಗೆ ಬಂದು ಉಗಿದೆ. "ಖಾಲಿ ಬಾಯಾಗೆ ಕಲಿಸೋ ಮೂಳ! ನೋವು ಅಂತ ಒಂದನ್ನಾದ್ರೂ ಕಲಿಸು, ಸಾಯಾಕಾದ್ರೂ ಬೇಕಾಗ್ತೈತೆ." ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋದ. ಆಮೇಲೆ ಎಷ್ಟೋ ದಿನ ಗೋಡೆಯ ಎದುರು ಕುಳಿತು ಬರೀ ತುಟಿಯಾಡಿಸುತ್ತಿದ್ದ. ತಲೆ ಕೆಟ್ಟಿತೆಂದುಕೊಂಡೆ.

ಮೊನ್ನೆ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದೆ. ಬಾಗಿಲಲ್ಲಿ ಸೈಕಲ್ ಬೆಲ್ಲು. ಆಮೇಲೆ ರೇಡಿಯೋ ಹೆಂಗಸು, ವಾರ್ತೆ ಓದಿದ ಹಾಗೆ: "ಅಕ್ಕೋ, ಇದೀಯೋ ಹೋದ್ಯೋ?"

ಎದ್ದು ನೋಡಿದೆ. ಸೈಕಲ್ಲಿನ ಹಿಂದೆ ಮೀನಿನ ಬುಟ್ಟಿ ಕಟ್ಟಿದ್ದ. ತಿಥಿಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಹೊರಗೆ ಬರಲಿಲ್ಲ. ಅವನು ಕಾದ. ಕತ್ತು ಅಲುಗಿತು. "ಇದೀಯೋ ಹೋದ್ಯೋ?"

"ಇದೀನಿ ಕಣೋ," ಎಂದೆ.