ಗೋಡೆಗೆ ಒಗ್ಗದ ಫೋಟೋಗಳು

ಧೈರ್ಯವಂತರೆಂದು ಹೆಸರಾದವರ ಹೆದರಿಕೆಗಳು ಬಹಳ ಸಣ್ಣವಾಗಿರುತ್ತವೆ. ಅದಕ್ಕೇ ಅವನ್ನು ಬಚ್ಚಿಡುವುದು ಸುಲಭ. ನಾನು ನಿವೃತ್ತಿಯಾಗುವವರೆಗೂ ಪರದೇಶದ ಈ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತದ ನಳಿಕೆಗಳ ನಡುವೆ ಬಾಳಿದವಳು. ರಕ್ತ ಕಂಡರೆ ನನಗೇನೂ ಆಗುವುದಿಲ್ಲ. ನಳಿಕೆಯ ಮೇಲಿನ ಹೆಸರಿನ ಚೀಟಿ ಸೊಟ್ಟಗಿದ್ದರೆ ಮಾತ್ರ ಆಗುತ್ತದೆ. ಮನೆಯಲ್ಲೂ ಅಷ್ಟೇ. ಬೇಳೆಯ ಡಬ್ಬಿಗಳಿಗೆ ಚೀಟಿ, ಫ್ರೀಜರಿನಲ್ಲಿಟ್ಟ ಸಾರಿಗೆ ತಾರೀಖು, ಸೋಮವಾರ ಬಟ್ಟೆ, ಮಂಗಳವಾರ ದಿನಸಿ. ಇಂಥ ನಾನು ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಹಿಡಿದು ನಡುಗುತ್ತಿದ್ದೆ ಎಂದರೆ ನನ್ನ ಕೈಕೆಳಗೆ ಕೆಲಸ ಮಾಡಿದವರು ಯಾರೂ ನಂಬುವುದಿಲ್ಲ. ನಂಬದಿರಲಿ ಎಂದೇ ನನ್ನ ಆಸೆ.

ನಮ್ಮ ಮನೆಯವರ ಹೃದಯದ ಕವಾಟವೊಂದು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವೆಂದು ಡಾಕ್ಟರು ಹೇಳಿದ್ದರು. ಜೀವಮಾನದಲ್ಲಿ ಒಂದು ಬೀರುವಿನ ಬಾಗಿಲನ್ನೂ ಪೂರ್ತಿ ಮುಚ್ಚದ ಮನುಷ್ಯನಿಗೆ ಇದಲ್ಲದೆ ಇನ್ನೇನು ಬಂದೀತು? ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಗೊತ್ತಾಗಿತ್ತು. ಅಲ್ಲಿಯವರೆಗೆ ಕಾಯುವುದಷ್ಟೇ ಕೆಲಸ. ನಾನು ಹೊತ್ತುಹೊತ್ತಿಗೆ ಅವರ ಬಿ.ಪಿ. ನೋಡುತ್ತ, ಅವರು ಮಲಗಿದ್ದರೆ ಉಸಿರಾಡುತ್ತಿದ್ದಾರೆಯೇ ಎಂದು ಬಾಗಿಲ ಸಂದಿಯಿಂದ ಇಣುಕುತ್ತ ಇದ್ದೆ. ಮಗಳು ವೀಣಾ ಇದನ್ನು ನೋಡಿ ಸಾಕಾಗಿ, "ಅಮ್ಮ, ಯು ನೀಡ್ ಎ ಹಾಬಿ. ಅಪ್ಪನ್ನ ಬಿಟ್ಟು ಬೇರೆ ಏನಾದ್ರೂ ಹಿಡ್ಕೋ" ಎಂದಳು. ಹೇಳಿದವಳು ಸುಮ್ಮನಿರಲಿಲ್ಲ. ವೆಸ್ಟ್ ವಿಂಡ್ಸರಿನ ಹಿರಿಯರ ಕೇಂದ್ರದಲ್ಲಿ ಸ್ಕ್ರ್ಯಾಪ್‌ಬುಕ್ ತರಗತಿಗೆ ನನ್ನ ಹೆಸರು ಬರೆಸಿ, ತನ್ನ ಹಳೆಯ ಕ್ಯಾಮೆರಾ ಕೈಗಿತ್ತಳು.

ಬಣ್ಣದ ದಪ್ಪ ಕಾಗದದ ಮೇಲೆ ನಾವೇ ತೆಗೆದ ಫೋಟೋ ಅಂಟಿಸುವುದು, ಸುತ್ತ ಹೂವು ರಿಬ್ಬನ್ನು ಸೇರಿಸುವುದು, ಕೆಳಗೆ ನಾಲ್ಕು ಸಾಲು ಬರೆಯುವುದು, ಇದೇ ಸ್ಕ್ರ್ಯಾಪ್‌ಬುಕ್. ನಮ್ಮ ಟೀಚರ್ ಡಯೇನ್ ಸದಾ ಹಾಡು ಗುನುಗುವ ಹೆಂಗಸು. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು, ಹತ್ತಿರ ಹೋಗಿ, ಹೆದರದೆ ನೂರು ತೆಗೆಯಿರಿ, ಬೇಡವಾದದ್ದನ್ನು ಅಳಿಸಿ ಎಂದಳು. ಅಲ್ಲೇ ನನಗೆ ಕಷ್ಟ. ನಾವು ಒಂದೇ ರೀಲಿನಲ್ಲಿ ಮಗುವಿನ ನಾಮಕರಣ, ತಿರುಪತಿ ಯಾತ್ರೆ, ನಾದಿನಿಯ ಮದುವೆ ಮೂರನ್ನೂ ಮುಗಿಸಿದ ಕಾಲದವರು. ಮೇಲಾಗಿ, ಅಳಿಸಲು ಹೋದರೆ ಕ್ಯಾಮೆರಾ "ಖಂಡಿತವೇ?" ಎಂದು ಕೇಳುತ್ತದೆ. ಎರಡನೇ ಸಲ ಪರೀಕ್ಷೆ ಮಾಡದೆ ಯಾವುದಕ್ಕೂ ಖಂಡಿತ ಎಂದವಳಲ್ಲ ನಾನು. ಬೇಡ ಎಂದು ಒತ್ತುತ್ತಿದ್ದೆ. ಹೀಗಾಗಿ ನಮ್ಮ ಅಡುಗೆಮನೆಯ ಪರದೆ, ನನ್ನ ಎಡಗೈ ಹೆಬ್ಬೆರಳು ಇವುಗಳ ಚಿತ್ರಗಳೆಲ್ಲ ಇಂದಿಗೂ ಭದ್ರವಾಗಿವೆ.

ಕತ್ತರಿಯದು ಇನ್ನೊಂದು ಕಥೆ. ಬದುಕಿರುವವರ ಫೋಟೋಗೆ ಕತ್ತರಿ ಹಾಕಬಾರದು, ಮೂವರೇ ನಿಂತು ಫೋಟೋ ತೆಗೆಸಿಕೊಳ್ಳಬಾರದು ಎಂದು ಅಮ್ಮ ಹೇಳುತ್ತಿದ್ದಳು. ವಿಜ್ಞಾನ ಓದಿದ ನಾನು ಆಗೆಲ್ಲ ನಕ್ಕಿದ್ದೆ. ಈಗ ಡಯೇನ್ ಕೊಟ್ಟ ಕತ್ತರಿಯನ್ನು ಫೋಟೋದಲ್ಲಿನ ಇವರ ಭುಜದ ಹತ್ತಿರದವರೆಗೆ ಒಯ್ದು ಮೆಲ್ಲಗೆ ಕೆಳಗಿಟ್ಟೆ. ಕೈನೋವು ಎಂದೆ. ಪಾಪ, ಅವಳೇ ತೆಗೆದುಕೊಂಡು, ಗುನುಗುತ್ತ, ಇವರನ್ನು ಸೊಂಟದವರೆಗೆ ಚಕಚಕನೆ ಕತ್ತರಿಸಿಕೊಟ್ಟಳು. ಆ ದಿನ ಮನೆಗೆ ಬಂದವಳು ಬೂಟು ಬಿಚ್ಚುವ ಮೊದಲೇ ಇವರ ನಾಡಿ ಹಿಡಿದು ನೋಡಿದೆ.

ಮುಂದಿನ ಪಾಠ, ಪುಟಕ್ಕೊಂದು ಮುಖ್ಯ ಚಿತ್ರ. ಒಬ್ಬರದೇ ಇರಬೇಕು, ದೊಡ್ಡದಾಗಿರಬೇಕು, ಕಣ್ಣು ನಮ್ಮನ್ನೇ ನೋಡಬೇಕು. ಒಂದು ಬೆಳಗ್ಗೆ ಇವರು ಬಿಳಿ ಅಂಗಿ ತೊಟ್ಟು ಕಿಟಕಿಯ ಬಳಿ ಕಾಫಿ ಕುಡಿಯುತ್ತ ಕೂತಿದ್ದರು. ಬೆಳಕು ಹದವಾಗಿತ್ತು. ಕರೆದೆ, ತಿರುಗಿ ನಕ್ಕರು, ಒತ್ತಿದೆ. ಹೆಬ್ಬೆರಳಿಲ್ಲದೆ ಬಂದ ಮೊದಲ ಫೋಟೋ! ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆನೆಬಣ್ಣದ ಕಾಗದಕ್ಕೆ ಅಂಟಿಸಿ, ಸುತ್ತಲೂ ಮಲ್ಲಿಗೆಯಂಥ ಕಾಗದದ ಹೂಗಳನ್ನು ಒತ್ತೊತ್ತಾಗಿ, ಅಳತೆ ಹಿಡಿದು ಜೋಡಿಸಿದೆ. ಅಂಟು ಒಣಗಲೆಂದು ಊಟದ ಮನೆಯ ಗೋಡೆಗೆ ಒರಗಿಸಿಟ್ಟೆ.

ಅದೇ ಮಧ್ಯಾಹ್ನ ಹತ್ತಿರದ ಪಿಸ್ಕಾಟವೇ ಊರಿನಿಂದ ಗ್ರೇಸಿ ಬಂದಳು. ಮಂಗಳೂರಿನವಳು, ಲ್ಯಾಬಿನಲ್ಲಿ ನನ್ನ ಜೊತೆಗಿದ್ದವಳು. ಇವರಿಗೆ ಇಷ್ಟವೆಂದು ಪತ್ರೊಡೆ ಮಾಡಿಕೊಂಡು ಬಂದಿದ್ದಳು. ಊಟದ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಡಬ್ಬಿಯನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, "ಎಂತ ಮಾರಾಯ್ತಿ ಇದು? ಪ್ರಕಾಶಣ್ಣ ಮನೆಯಲ್ಲೇ ಇದ್ದಾರಲ್ವಾ?"

ತಿರುಗಿ ನೋಡಿದೆ. ಗೋಡೆ, ಹೂವಿನ ನಡುವೆ ನಗುವ ಮುಖ, ಬಿಳಿ ಅಂಗಿ. ಊದಿನಕಡ್ಡಿಯೊಂದೇ ಬಾಕಿ. ನಮ್ಮವರಲ್ಲಿ ಒಂದು ವಯಸ್ಸು ದಾಟಿದವರ ಚೆಂದದ ಒಂಟಿ ಫೋಟೋ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದವರು ಯಾರು? ಅದನ್ನು ನಾನೇ ನನ್ನ ಕೈಯಾರೆ, ಒಂದು ಹೂವೂ ಸೊಟ್ಟಗಾಗದಂತೆ ಸಿದ್ಧಮಾಡಿಟ್ಟಿದ್ದೆ. ಓಡಿಹೋಗಿ ಪುಟವನ್ನು ಗೋಡೆಯಿಂದ ಈಚೆಗೆಳೆದೆ. ಅಷ್ಟರಲ್ಲಿ ಮಹಡಿಯ ಮೇಲೆ ಇವರು ಸೀನಿದರು. ಒಂಟಿ ಸೀನು ಅಪಶಕುನ ಎನ್ನುತ್ತಾರೆ. ಅಷ್ಟು ಮಂಗಳಕರವಾದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹರಿದುಹಾಕಲು ಇನ್ನೂ ಹೆದರಿಕೆ. ಪುಟವನ್ನು ಟವೆಲ್ಲುಗಳ ಬೀರುವಿನಲ್ಲಿ, ಎಲ್ಲಕ್ಕಿಂತ ಕೆಳಗೆ, ಮಗುಚಿಟ್ಟೆ. ಕೂಡಲೆ ಅದೂ ತಪ್ಪೆನ್ನಿಸಿ ಮತ್ತೆ ಮುಖ ಮೇಲಾಗಿಸಿ ಇಟ್ಟೆ. ಅಂದಿನಿಂದ ನನ್ನ ಫೋಟೋಗ್ರಫಿಗೆ ಒಂದೇ ನಿಯಮ: ಗೋಡೆಗೆ ಹಾಕಲು ಬರುವಂಥ ಚಿತ್ರವನ್ನು ತೆಗೆಯಕೂಡದು. ಇವರು ದೋಸೆ ಬಾಯಿಗಿಟ್ಟಾಗ ತೆಗೆದೆ, ಆಕಳಿಸುವಾಗ ತೆಗೆದೆ, ಬಗ್ಗಿ ಚಪ್ಪಲಿ ಹುಡುಕುವಾಗ ಹಿಂದಿನಿಂದ ತೆಗೆದೆ. ಹಣೆಯೋ ಗಲ್ಲವೋ ಕ್ಯಾಮೆರಾದಲ್ಲೇ ಕತ್ತರಿಸಿಹೋದರೆ ಇನ್ನೂ ಕ್ಷೇಮ. ಡಯೇನ್ ಇವನ್ನೆಲ್ಲ ನೋಡಿ ಬೆರಗಾದಳು. ಎಷ್ಟು ಸಹಜ, ಎಷ್ಟು ಜೀವಂತ ಎಂದು ಇಡೀ ತರಗತಿಗೆ ತೋರಿಸಿ, ಈ ದೃಷ್ಟಿ ಎಲ್ಲಿಂದ ಬಂತೆಂದು ಕೇಳಿದಳು. ನಾನು ವಿನಯದಿಂದ ತಲೆತಗ್ಗಿಸಿದೆ. ಹೆದರಿಕೆಗೆ ಕಲೆ ಎಂಬ ಚೀಟಿ ಅಂಟಿತು. ಅದೇನೂ ಸೊಟ್ಟಗೆ ಕಾಣಲಿಲ್ಲ.

ಆಪರೇಷನ್ನಿನ ದಿನ ಬೆಳಗ್ಗೆ ಇವರು ಕಾರಿನ ಬಳಿ ನಿಂತು, "ಕ್ಯಾಮೆರಾ ತಂದಿದೀಯಾ?" ಎಂದರು. ಇಲ್ಲ ಎಂದೆ. ನನ್ನ ಚೀಲಕ್ಕೆ ಕೈಹಾಕಿ ತೆಗೆದು ನನಗೇ ಕೊಟ್ಟು, ಗ್ಯಾರೇಜಿನ ಬಾಗಿಲ ಮುಂದೆ ಹೋಗಿ ನಿಂತರು. ಎರಡು ಬೆರಳಿನಿಂದ ಬಾಯಿ ಹಿಗ್ಗಿಸಿ, ನಾಲಗೆ ಚಾಚಿ, ಕಣ್ಣುಗುಡ್ಡೆಗಳನ್ನು ಮೂಗಿನ ಕಡೆ ತಿರುಗಿಸಿದರು. ಎಪ್ಪತ್ತು ದಾಟಿದ ಇಂಜಿನಿಯರು! ಎದುರುಮನೆಯವರು ನಾಯಿಯ ಸಮೇತ ನಿಂತು ನೋಡಿದರು. ನಾನು ಒತ್ತಿದೆ. ಬೆರಳು ತೆಗೆದು ಹೇಳಿದರು, "ಇದನ್ನ ಯಾವ ಗೋಡೆಗೂ ಹಾಕಕ್ಕಾಗಲ್ಲ. ಇನ್ನು ನಡಿ, ಹೊತ್ತಾಯ್ತು."

ಇವರು ಟವೆಲ್ ಹುಡುಕಲು ಹೋಗಿ ಆ ಪುಟವನ್ನು ಯಾವತ್ತೋ ನೋಡಿದ್ದರೆಂದು ಆಗ ತಿಳಿಯಿತು. ನಾನು ತೆಗೆದ ಆ ಫೋಟೋ ಪೂರ್ತಿ ಕಲಸಿಹೋಗಿತ್ತು. ಆಸ್ಪತ್ರೆಯಲ್ಲಿ ಕಾಯುವಷ್ಟು ಹೊತ್ತೂ ಆ ಕಲಸಿದ ಮುಖವನ್ನೇ ನೋಡುತ್ತ ಕೂತಿದ್ದೆ. ಸಂಜೆ ಡಾಕ್ಟರು ಹೊರಗೆ ಬಂದು, ಎಲ್ಲ ಸರಿಯಾಗಿದೆ ಎಂದರು. ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಎರಡನೇ ಸಲವೂ ಅದೇ ಫಲಿತಾಂಶ ಬಂತು.

ಈಗ ಇವರು ಚೇತರಿಸಿಕೊಂಡು, ಬೀರುವಿನ ಬಾಗಿಲುಗಳನ್ನು ಮೊದಲಿನಂತೆಯೇ ತೆರೆದು ಬಿಡುತ್ತಿದ್ದಾರೆ. ಆಲ್ಬಮ್ ಮುಗಿಯಿತು. ಮುಖ ನೆಟ್ಟಗಿರುವ ಒಂದು ಫೋಟೋ ಆದರೂ ಬೇಡವೇ ಎಂದು ಗ್ರೇಸಿ ಆಡಿಕೊಂಡಳು. ನಿನಗೆ ಕಲೆ ತಿಳಿಯುವುದಿಲ್ಲ ಎಂದೆ. ಹೋದ ಭಾನುವಾರ ಇವರು, ಆಲ್ಬಮ್ಮಿನಲ್ಲಿ ನೀನೇ ಇಲ್ಲವಲ್ಲ ಎಂದು ಕ್ಯಾಮೆರಾ ಹಿಡಿದು ಬಂದರು. ರೇಷ್ಮೆ ಸೀರೆ ಉಡಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಮೇಲೆ ಎಂದರು. ಅವರು ಒತ್ತುವ ಗಳಿಗೆಗೆ ಸರಿಯಾಗಿ ನಾನು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದೆ.

"ಯಾಕೆ ಕಣ್ಣು ಮುಚ್ಚಿದೆ?" ಎಂದರು.

"ಬಿಸಿಲು ಚುಚ್ತು" ಎಂದೆ. ಹೊರಗೆ ಬೆಳಗಿನಿಂದ ಒಂದೇ ಸಮನೆ ಸ್ನೋ ಬೀಳುತ್ತಿತ್ತು.